ನಿಮ್ಮ ಸೊಸೈಟಿ ನಂಬರ್ ಎಷ್ಟು?

ಕುವೈತಿನಲ್ಲಿ ನಾಲ್ಕು ತಿಂಗಳು ಕಳೆದವರಿಗೂ ಜಮಿಯಾ ಗೊತ್ತು. ಶುಕ್ರವಾರ ಬೆಳಿಗ್ಗೆ ಈರುಳ್ಳಿ, ಮೊಸರು, ಖುಬೂಸ್ ತರಲಿಕ್ಕೆ ನಾವು ಹೋಗುವುದು ಅಲ್ಲಿಗೇ. ಕೌಂಟರಿನಲ್ಲಿ ನಮ್ಮ ಮುಂದೆ ನಿಂತ ಕುವೈತಿಗಳು ದುಡ್ಡು ಕೊಡುವಾಗ ಒಂದು ನಂಬರ್ ಹೇಳುವುದನ್ನು ನೀವೂ ಕೇಳಿರುತ್ತೀರಿ. ಅದು ಅವರ ಷೇರಿನ ನಂಬರ್. ಆ ಬಡಾವಣೆಯ ಕುವೈತಿಗಳೇ ಜಮಿಯಾದ ಷೇರುದಾರರು, ಆಡಳಿತ ಮಂಡಳಿಯನ್ನು ಆರಿಸುವವರೂ ಅವರೇ, ಖರೀದಿಯ ಲೆಕ್ಕದಲ್ಲಿ ಲಾಭದ ಪಾಲು ಪಡೆಯುವವರೂ ಅವರೇ. 1962ರಲ್ಲಿ ಕೈಫಾನಿನಲ್ಲಿ ಶುರುವಾದ ವ್ಯವಸ್ಥೆ ಇದು. ಅದರಲ್ಲಿ ನಮಗೆ ಪಾಲಿಲ್ಲ, ಆ ಬಗ್ಗೆ ದೂರೂ ಇಲ್ಲ.

ಆದರೆ ಕಳೆದ ತಿಂಗಳು ನಮ್ಮ ಫ್ಲಾಟಿನಲ್ಲಿ ಊಟ ಮಾಡುತ್ತಾ ಒಬ್ಬರು ಕೇಳಿದರು: "ಅಲ್ಲ ಮಾರಾಯ್ರೆ, ಊರಿನ ಸೊಸೈಟಿಯಲ್ಲಿ ನಮ್ಮ ನಂಬರ್ ಎಷ್ಟು?" ಏಳು ಜನ ಇದ್ದೆವು. ಏಳೂ ಮನೆಗೆ ತೋಟವೋ ಗದ್ದೆಯೋ ಉಂಟು, ಏಳೂ ಮನೆಗೆ ಸೊಸೈಟಿಯಲ್ಲಿ ಸಾಲವೋ ಠೇವಣಿಯೋ ಉಂಟು. ಸದಸ್ಯತ್ವದ ನಂಬರ್ ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ಮೂವರ ಮನೆಯಲ್ಲಿ ಸದಸ್ಯತ್ವ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇತ್ತು.

ಪ್ರಶ್ನೆ ಕೇಳಿದವರು ನಮ್ಮ ಕಾರ್ಪೆಂಟರ್ ಫೋರ್‌ಮನ್. ಸೆಪ್ಟೆಂಬರಿನಲ್ಲಿ ರಜೆಗೆ ಹೋದಾಗ ಅವರ ಊರಿನ ಕೃಷಿ ಪತ್ತಿನ ಸಹಕಾರ ಸಂಘದ ಮಹಾಸಭೆ ಇತ್ತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಹೋಗುವ ಅವಕಾಶ ಸಿಕ್ಕಿತೆಂದು ಬಿಳಿ ಅಂಗಿ ಹಾಕಿ ಹೊರಟರಂತೆ. ಬಾಗಿಲಲ್ಲಿ ಹಾಜರಿ ಪುಸ್ತಕ. ಹೆಸರು ಹುಡುಕಿದರೆ ಅಪ್ಪನದು ಉಂಟು, ಇವರದು ಇಲ್ಲ. "ನೀವು ಸದಸ್ಯರಲ್ಲ, ಸಹಿ ಹಾಕ್ಲಿಕ್ಕೆ ಆಗುದಿಲ್ಲ. ಕೂತ್ಕೊಳ್ಳಿ, ತೊಂದರೆ ಇಲ್ಲ" ಎಂದರು ಗುಮಾಸ್ತರು. ಹಿಂದಿನ ಸಾಲಿನಲ್ಲಿ ಕೂತರು.

ಸಭೆ ಹೇಗಿತ್ತು ಎಂದು ಕೇಳಿದೆವು. ಪ್ರಾರ್ಥನೆ, ಸ್ವಾಗತ, ಹೂಗುಚ್ಛ, ಸನ್ಮಾನಕ್ಕೆ ಮುಕ್ಕಾಲು ಗಂಟೆ. ವರದಿ, ಜಮಾಖರ್ಚು, ಅಡಿಟ್ ವರದಿ, ಮುಂದಿನ ವರ್ಷದ ಬಜೆಟ್ ಎಲ್ಲ ಸೇರಿ ಇಪ್ಪತ್ತು ನಿಮಿಷ. ಒಬ್ಬ ಹಿರಿಯರು ಎದ್ದು ಗೋದಾಮಿನ ರಿಪೇರಿಗೆ ಇಷ್ಟು ಖರ್ಚು ಹೇಗಾಯಿತು ಎಂದು ಕೇಳಿದರೆ, ವೇದಿಕೆಯಿಂದ ಬಂದ ಉತ್ತರ: "ಅಣ್ಣಾ, ಆಫೀಸಿಗೆ ಬನ್ನಿ, ವೌಚರ್ ತೋರಿಸ್ತೇವೆ. ಈಗ ಊಟ ತಣ್ಣಗಾಗ್ತದೆ." ಎಲ್ಲರೂ ನಕ್ಕರು. ಸರ್ವಾನುಮತದಿಂದ ಅಂಗೀಕಾರ. ಇವರೂ ನಕ್ಕರಂತೆ. ಹೇಳುವಾಗ ನಾಚಿಕೆಪಟ್ಟರು.

ಊಟ ಮುಗಿಸಿ ಬಂದು ಮನೆಯಲ್ಲಿ ವರದಿ ಪುಸ್ತಕ ಬಿಡಿಸಿದಾಗ ಒಂದು ಸಾಲು ಕಣ್ಣಿಗೆ ಬಿತ್ತು. ಅಡಿಟ್ ವರ್ಗೀಕರಣ: 'ಬಿ'. ಹಿಂದಿನ ವರ್ಷದ ಪುಸ್ತಕದಲ್ಲಿ 'ಎ' ಇತ್ತು. ಸಭೆಯಲ್ಲಿ ಅದನ್ನು ಯಾರೂ ಓದಲಿಲ್ಲ, ಯಾರೂ ಕೇಳಲೂ ಇಲ್ಲ. ಸುಸ್ತಿ ಸಾಲದ ಅಂಕಿಯೂ ಏರಿತ್ತು. ಅದೇ ಸೊಸೈಟಿಯಲ್ಲಿ ಅವರ ಅಮ್ಮನ ಹೆಸರಿನಲ್ಲಿ ನಾಲ್ಕು ಲಕ್ಷ ಠೇವಣಿ ಉಂಟು. ದುಡ್ಡು ಇಲ್ಲಿಯದ್ದೇ, ಐವತ್ತು ಡಿಗ್ರಿ ಬಿಸಿಲಿನಲ್ಲಿ ಶಟರಿಂಗ್ ಹೊಡೆದ ದುಡ್ಡು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ 5 ಲಕ್ಷದವರೆಗೆ ವಿಮೆ ಉಂಟು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಠೇವಣಿಗೂ ಅದು ಅನ್ವಯಿಸುತ್ತದೆ. ಆದರೆ ಗ್ರಾಮದ ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಿಟ್ಟ ಠೇವಣಿಗೆ ಆ ವಿಮೆ ಇಲ್ಲ. ಅರ್ಧ ಪರ್ಸೆಂಟ್ ಬಡ್ಡಿ ಹೆಚ್ಚು ಸಿಗುತ್ತದೆಂದು ನಾವು ಕಳಿಸಿದ್ದನ್ನೆಲ್ಲ ಅಲ್ಲಿಡುವವರು ಇದನ್ನು ತಿಳಿದೇ ಇಡಬೇಕು. ಇಡಬೇಡಿ ಎಂದು ನಾವು ಹೇಳುವುದಿಲ್ಲ. ಊರಿನ ಠೇವಣಿ ಊರಿನವರಿಗೇ ಸಾಲವಾಗುವುದು ಒಳ್ಳೆಯದೇ. ಹೆಚ್ಚಿನ ಸಂಘಗಳು ನೆಟ್ಟಗೇ ನಡೆಯುತ್ತಿವೆ. ಅಲ್ಲಿ ನಮ್ಮ ದುಡ್ಡಿಗಿರುವ ಕಾವಲು ಅಡಿಟ್ ಮತ್ತು ಆಡಳಿತ ಮಂಡಳಿ. ಆ ಮಂಡಳಿಯನ್ನು ಆರಿಸುವುದು ಸದಸ್ಯರು.

ಸದಸ್ಯರು ಎಂದರೆ ಯಾರು? ಸಹಕಾರದಲ್ಲಿ ಒಬ್ಬರಿಗೆ ಒಂದೇ ಮತ, ಹತ್ತು ಷೇರು ಇರಲಿ, ನೂರು ಇರಲಿ. ನೀವೇ ಹೋಗಿ ಹಾಕಬೇಕು, ನಿಮ್ಮ ಪರವಾಗಿ ಇನ್ನೊಬ್ಬರು ಹಾಕುವಂತಿಲ್ಲ. ಜೊತೆಗೆ, ಮಹಾಸಭೆಗಳಿಗೆ ಬಾರದವರಿಗೆ, ಸಂಘದಲ್ಲಿ ಕನಿಷ್ಠ ವ್ಯವಹಾರವನ್ನೂ ಮಾಡದವರಿಗೆ, ಸಾಲ ಸುಸ್ತಿಯಾದವರಿಗೆ ಮತದ ಹಕ್ಕು ತಪ್ಪುವ ನಿಯಮಗಳೂ ಕರ್ನಾಟಕದಲ್ಲಿ ಬಂದಿವೆ. ಚುನಾವಣೆ ಹತ್ತಿರ ಬಂದಾಗ ಅನರ್ಹರ ಪಟ್ಟಿಯ ಜಗಳ ಹೈಕೋರ್ಟಿನವರೆಗೆ ಹೋದದ್ದುಂಟು. ಸಂಘದಲ್ಲಿ ಆಸಕ್ತಿ ಇಲ್ಲದ ಕಾಗದದ ಸದಸ್ಯರು ಬೇಡ ಎನ್ನುವ ಉದ್ದೇಶ ಸರಿಯೇ. ಆದರೆ ಎರಡು ವರ್ಷಕ್ಕೊಮ್ಮೆ ರಜೆ ಸಿಗುವ ನಮ್ಮಂಥವರು ಸೆಪ್ಟೆಂಬರಿನ ಸಭೆಗೆ ಹೇಗೆ ಹೋಗುವುದು? ಹಾಗಾಗಿ ಸಭೆಗೆ ಬರುವವರದ್ದೇ ಸಂಘ. ಬರುವವರನ್ನು ಜೀಪಿನಲ್ಲಿ ಕರೆತರುವವರದ್ದೇ ಮಂಡಳಿ. ಪಕ್ಷದ ಚಿಹ್ನೆ ಇಲ್ಲ ಅನ್ನುವುದಷ್ಟೇ, ಉಳಿದದ್ದೆಲ್ಲ ನಿಮಗೇ ಗೊತ್ತಲ್ಲ.

ಫೋರ್‌ಮನ್ ಮರುದಿನ ಆಫೀಸಿಗೆ ಹೋದರು. ಕಾರ್ಯದರ್ಶಿ ಒಳ್ಳೆಯ ಮನುಷ್ಯ, ಕೂರಿಸಿ ವಿವರಿಸಿದರಂತೆ. ಬೆಳೆಸಾಲಕ್ಕೆ ಬಡ್ಡಿ ಇಲ್ಲ. 2023ರ ಬಜೆಟ್‌ನಲ್ಲಿ ಸರ್ಕಾರ ಆ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ ಆ ಸೌಲಭ್ಯ. ಅಡಿಕೆಗೆ ಕೊಳೆರೋಗ ಬಂದು ಫಸಲು ಹೋದ ಮನೆಯವರು ಏನು ಮಾಡುತ್ತಾರೆ? ಹೊರಗೆ ಕೈಸಾಲ ತಂದು ಗಡುವಿನ ದಿನ ಕಟ್ಟುತ್ತಾರೆ, ಹೊಸ ಸಾಲ ಮಂಜೂರಾದ ಕೂಡಲೇ ಕೈಸಾಲ ತೀರಿಸುತ್ತಾರೆ. ನಾಲ್ಕು ದಿನದ ಕೈಸಾಲಕ್ಕೆ ಕೊಡುವ ಬಡ್ಡಿ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಸಂಘದ ಪುಸ್ತಕದಲ್ಲಿ ವಸೂಲಾತಿ ಚೆನ್ನಾಗಿ ಕಾಣುತ್ತದೆ. ಕೈಸಾಲವೂ ಹುಟ್ಟದ ವರ್ಷ ಎಲ್ಲ ಒಟ್ಟಿಗೆ ಸುಸ್ತಿ. 'ಎ' ಇದ್ದದ್ದು 'ಬಿ' ಆದದ್ದು ಮುಖ್ಯವಾಗಿ ಹೀಗೆ. ಕಳ್ಳತನ ಅಲ್ಲ. ಆದರೆ ಸಭೆಯಲ್ಲಿ ಐದು ನಿಮಿಷ ಇದನ್ನೇ ಹೇಳಿದ್ದರೆ ಏನು ಹೋಗುತ್ತಿತ್ತು? "ಕೇಳಿದ್ರೆ ಹೇಳ್ತಿದ್ವು, ಯಾರೂ ಕೇಳ್ಲಿಲ್ಲ" ಎಂದರಂತೆ ಕಾರ್ಯದರ್ಶಿ. ಗೋದಾಮಿನ ವೌಚರ್ ಕೇಳಿದವರ ಗತಿ ಏನಾಯಿತೆಂದು ಇವರು ನೆನಪಿಸಲಿಲ್ಲ. ನಾವಾಗಿದ್ದರೆ ನೆನಪಿಸುತ್ತಿದ್ದೆವು. ಇಲ್ಲಿ ಕೂತು ಹೇಳುವುದು ಸುಲಭ, ಅದೂ ಸರಿ.

ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದಲ್ಲೇ ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದ್ದು ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸಲಿಕ್ಕೆ. ನಮ್ಮ ಕರಾವಳಿಯಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಿಂದ ಅದೇ ಕೆಲಸ ಹಬ್ಬಿಸಿದರು. 1973ರಲ್ಲಿ ಅಡಿಕೆ ದರ ಕುಸಿದು ಕಂಗಾಲಾದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕ್ಯಾಂಪ್ಕೊ ಹುಟ್ಟಿತು. ಇಷ್ಟು ದೊಡ್ಡ ಪರಂಪರೆಯ ಊರಿನಲ್ಲಿ ನಾಲ್ಕು ದಿನದ ಕೈಸಾಲದ ಬಡ್ಡಿ ಇನ್ನೂ ನಡೆಯುತ್ತದೆ ಎನ್ನುವುದು ನಮಗೆ ಚುಚ್ಚಿತು.

ಫೋರ್‌ಮನ್ ಏನು ಮಾಡಿದರು ಎಂದರೆ, ಅಪ್ಪನ ಮರಣಪತ್ರ, ವಂಶವೃಕ್ಷ, ಪಹಣಿ, ಆಧಾರ್ ಪ್ರತಿ ಇಟ್ಟು ಸದಸ್ಯತ್ವ ವರ್ಗಾವಣೆಗೆ ಅರ್ಜಿ ಕೊಟ್ಟರು. ತಮ್ಮ ಹೆಸರಿಗಲ್ಲ, ಅಮ್ಮನ ಹೆಸರಿಗೆ. ಅಮ್ಮ ಊರಿನಲ್ಲೇ ಇರುತ್ತಾರೆ, ವರ್ಷಾ ವರ್ಷ ಸಭೆಗೆ ಹೋಗಬಹುದು, ಸಹಿ ಹಾಕಬಹುದು, ಮತ ಹಾಕಬಹುದು. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನವೂ ಉಂಟು. "ನಂಗೆ ಅದೆಲ್ಲ ಎಂತ ಗೊತ್ತಾಗ್ತದೆ ಮಗಾ" ಎಂದರಂತೆ ಅಮ್ಮ. ಮೂವತ್ತು ವರ್ಷ ಹಾಲಿನ ಡೈರಿಗೆ ಹಾಲು ಹಾಕಿ, ಫ್ಯಾಟ್ ಎಷ್ಟು ಬಂತು, ಬಟವಾಡೆ ಎಷ್ಟು ಆಗಬೇಕು ಎಂದು ಬಾಯಿಲೆಕ್ಕ ಹೇಳುವ ಹೆಂಗಸು ಅವರು. ಠೇವಣಿಗೆ ನಾಮಿನಿ ಇರಲಿಲ್ಲ, ಅದನ್ನೂ ಸೇರಿಸಿ ಬಂದರು. ಅವಧಿ ಮುಗಿದಾಗ ಅರ್ಧ ಬ್ಯಾಂಕಿಗೆ, ಅರ್ಧ ಸೊಸೈಟಿಯಲ್ಲೇ ಎಂದು ಮನೆಯಲ್ಲಿ ತೀರ್ಮಾನವಾಯಿತು.

ಅಕ್ಟೋಬರ್ ಮಂಡಳಿ ಸಭೆಯಲ್ಲಿ ಅರ್ಜಿ ಪಾಸಾಯಿತು. ಕಳೆದ ಶುಕ್ರವಾರ ಅಮ್ಮ ಫೋನಿನಲ್ಲಿ ನಂಬರ್ ಓದಿ ಹೇಳಿದರು. ಉಳಿದ ಇಬ್ಬರೂ ಈಗ ಊರಿಗೆ ಫೋನು ಹಚ್ಚಿದ್ದಾರೆ, ಒಬ್ಬರ ಮನೆಯಲ್ಲಿ ಮರಣಪತ್ರವೇ ಸಿಗುತ್ತಿಲ್ಲವಂತೆ.

ಡಿಸೆಂಬರಿನಲ್ಲಿ ಊರಿಗೆ ಹೋಗುವವರು ನಿಮ್ಮ ಸೊಸೈಟಿಯ ಈ ವರ್ಷದ ವರದಿ ಪುಸ್ತಕ ಒಂದು ಪ್ರತಿ ತನ್ನಿ. ಉಪ್ಪಿನಕಾಯಿ ಬಾಟಲಿಗಿಂತ ಹಗುರ, ಸೋರುವುದೂ ಇಲ್ಲ. ಯಾವುದಾದರೂ ಶುಕ್ರವಾರ ಊಟದ ನಂತರ ಒಟ್ಟಿಗೆ ಕೂತು ಓದೋಣ.