ಮನೆ ಎಷ್ಟು, ಎಲ್ಲಿ, ಯಾರಿಗೆ?

ದೇಶದಲ್ಲಿ ಸೂರಿಲ್ಲದವರೇ ಇರಬಾರದು ಎಂದಿತು 1988ರ ರಾಷ್ಟ್ರೀಯ ವಸತಿ ನೀತಿ. 2015ರಲ್ಲಿ ಬಂದ ಪ್ರಧಾನ ಮಂತ್ರಿ ಆವಾಸ್ ಯೋಜನೆ ಅದೇ ಮಾತಿಗೆ 2022ರ ಗಡುವು ಹಾಕಿತು. ಆ ಗಡುವು ಮುಂದಕ್ಕೆ ಹೋಯಿತು. ಗಡುವು ತಪ್ಪಿದಾಗಲೆಲ್ಲ ಹಣ ಸಾಲದೆಂಬ ದೂರು ಕೇಳಿಬರುತ್ತದೆ. ಗುರಿಯೇ ಸರಿಯಿದೆಯೇ ಎಂದು ಕೇಳುವವರು ಕಡಿಮೆ.

ಕೇಂದ್ರ ಸರ್ಕಾರದ ತಜ್ಞರ ತಂಡ 2012ರಲ್ಲಿ ಲೆಕ್ಕ ಹಾಕಿದಂತೆ ನಗರಗಳ ವಸತಿ ಕೊರತೆ ಸುಮಾರು 1.88 ಕೋಟಿ ಮನೆ. ಅದರಲ್ಲಿ ಪೂರ್ತಿ ನಿರ್ವಸತಿಕ ಕುಟುಂಬಗಳು 5.3 ಲಕ್ಷ ಮಾತ್ರ. ಸುಮಾರು ಒಂದೂವರೆ ಕೋಟಿ ಕುಟುಂಬಗಳು ಇಕ್ಕಟ್ಟಿನ ಮನೆಯಲ್ಲಿ ಬದುಕುವಂಥವು. ಅತ್ತ 2011ರ ಜನಗಣತಿಯ ಹೊತ್ತಿಗೆ ನಗರಗಳಲ್ಲೇ 1.1 ಕೋಟಿ ಮನೆಗಳಿಗೆ ಬೀಗ ಬಿದ್ದಿತ್ತು. ಕೊರತೆಯೂ ಖಾಲಿ ಮನೆಯೂ ಒಟ್ಟಿಗೇ ಇರುವಾಗ, ಕಟ್ಟುವುದಷ್ಟೇ ಪರಿಹಾರ ಹೇಗಾದೀತು?

ಮನೆ ಎಲ್ಲಿ ಬೇಕು ಎಂಬ ಪ್ರಶ್ನೆಗೆ ಮಹಾರಾಷ್ಟ್ರದ ಸಾಂಗ್ಲಿ-ಮಿರಜ್ ಒಳ್ಳೆಯ ಉದಾಹರಣೆ. 1998ರಲ್ಲಿ ಸಾಂಗ್ಲಿ, ಮಿರಜ್, ಕುಪವಾಡ ಕೂಡಿ ಮಹಾನಗರಪಾಲಿಕೆಯಾದ ಈ ಊರಿನ ಜನಸಂಖ್ಯೆ 2011ರಲ್ಲಿ ಐದು ಲಕ್ಷ ದಾಟಿತ್ತು. ಕೇಂದ್ರದ ಕೊಳೆಗೇರಿ ಅಭಿವೃದ್ಧಿ ಯೋಜನೆಯಡಿ ಪಾಲಿಕೆಯು ಪುಣೆಯ ಶೆಲ್ಟರ್ ಅಸೋಸಿಯೇಟ್ಸ್ ಸಂಸ್ಥೆಯ ಜೊತೆ ಸೇರಿ ಮೊದಲು ಮಾಡಿದ್ದು ಸರ್ವೆ. ಒಂದೊಂದು ಕೊಳೆಗೇರಿಯನ್ನು ಬಿಡಿಬಿಡಿಯಾಗಿ ನೋಡದೆ, ಇಡೀ ಊರಿನ ನಕ್ಷೆಯ ಮೇಲೆ ಎಲ್ಲವನ್ನೂ ಗುರುತಿಸಲಾಯಿತು. ಸ್ಥಳಾಂತರ ಅನಿವಾರ್ಯವಾದವರಿಗೂ ಹಳೆಯ ಜಾಗದ ಹತ್ತಿರದಲ್ಲೇ ಮನೆ ಕೊಡುವುದು ಉದ್ದೇಶ. ಮನೆಗೆಲಸ, ಹಮಾಲಿ, ತರಕಾರಿ ಮಾರಾಟದಿಂದ ದಿನ ದೂಡುವವರನ್ನು ಊರಾಚೆ ಕಳಿಸಿದರೆ ಕೂಲಿಯ ಒಂದು ಪಾಲು ರಿಕ್ಷಾ ಬಾಡಿಗೆಗೇ ಹೋಗುತ್ತದೆ.

ಜಾಗದ ಪ್ರಶ್ನೆಗೆ ಇನ್ನೊಂದು ಮುಖ ಕೃಷ್ಣಾ ನದಿ. ಸಾಂಗ್ಲಿಯ ಐರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟಿನಲ್ಲಿ ನೀರು 57 ಅಡಿ ದಾಟಿತು. 2021ರ ಜುಲೈನಲ್ಲಿ ಮತ್ತೆ ಮಹಾಪೂರ. ನದಿಪಾತ್ರದ ತಗ್ಗಿನಲ್ಲಿ ಕಟ್ಟಿದ ಆರ್‌ಸಿಸಿ ಮನೆ ಸರ್ಕಾರಿ ಕಡತದಲ್ಲಿ ಪಕ್ಕಾ ಮನೆಯೇ. ಅದರಲ್ಲಿರುವವರು ಮಾತ್ರ ಮಳೆಗಾಲದಲ್ಲಿ ಗಂಟುಮೂಟೆ ಕಟ್ಟಬೇಕು.

ಮಿರಜಿನ ಕಥೆಯೇ ಬೇರೆ. ವಾನ್ಲೆಸ್ ಮಿಷನ್ ಆಸ್ಪತ್ರೆಯ ಕಾಲದಿಂದ ಅದು ಆಸ್ಪತ್ರೆಗಳ ಊರು. ಅಥಣಿ, ಕಾಗವಾಡ, ಜತ್ತದ ಕನ್ನಡಿಗರಿಗೂ ದೊಡ್ಡ ಕಾಯಿಲೆಯೆಂದರೆ ಮಿರಜ್. ಇಂಥ ಊರಿನಲ್ಲಿ ದುಡಿಯಲು ಬರುವ ಆಯಾಗಳಿಗೆ, ನರ್ಸುಗಳಿಗೆ, ಕೈಗೆಟಕುವ ಬಾಡಿಗೆಯ ಒಂದು ಕೋಣೆ ಸಿಕ್ಕರೆ ಸಾಕು. 2015ರ ಆವಾಸ್ ಯೋಜನೆಯ ನಾಲ್ಕೂ ಕವಲುಗಳು ಸ್ವಂತ ಮನೆಯತ್ತಲೇ ಮುಖ ಮಾಡಿದ್ದವು. ಬಾಡಿಗೆ ಮನೆ ನೆನಪಾದದ್ದು 2020ರ ಲಾಕ್‌ಡೌನಿನಲ್ಲಿ ಕಾರ್ಮಿಕರು ನಡೆದು ಊರು ಸೇರಿದ ಮೇಲೆ.

ಸ್ವಂತ ಮನೆಯ ಆಸೆಯನ್ನು ಹಗುರವಾಗಿ ಕಾಣುವಂತಿಲ್ಲ. ಹೆಂಡತಿಯ ಹೆಸರಲ್ಲಿ ಹಕ್ಕುಪತ್ರವಿದ್ದರೆ ಗಂಡ ಸುಲಭವಾಗಿ ಹೊರಗೆ ಹಾಕಲಾರ, ಪಾಲಿಕೆ ಸುಲಭವಾಗಿ ಒಕ್ಕಲೆಬ್ಬಿಸಲಾರದು. ಆದರೆ ಆ ಭದ್ರತೆ ಕೆಲಸದ ಹತ್ತಿರ, ನೆರೆ ಮುಟ್ಟದ ನೆಲದಲ್ಲಿ ಸಿಗಬೇಕು. ಬಾಡಿಗೆದಾರನಿಗೂ ಅದರ ಪಾಲು ಬೇಕು. ಹಾಗಾಗಿ ವಸತಿ ಇಲಾಖೆಯ ವಾರ್ಷಿಕ ವರದಿಯಲ್ಲಿ ಕಟ್ಟಿದ ಮನೆಗಳ ಸಂಖ್ಯೆಯ ಪಕ್ಕದಲ್ಲೇ, ಐದು ವರ್ಷದ ನಂತರ ಎಷ್ಟು ಕುಟುಂಬಗಳು ಅಲ್ಲೇ ವಾಸವಾಗಿವೆ ಎಂಬ ಲೆಕ್ಕವನ್ನೂ ಕಡ್ಡಾಯ ಮಾಡಬೇಕು.