ಕೋಲ ಬೇಕು, ತುಳು ಬೇಡವೇ?

ತುಳುವನ್ನು ಕರ್ನಾಟಕದ ಎರಡನೇ ಅಧಿಕೃತ ಭಾಷೆಯನ್ನಾಗಿ ಮಾಡಿ ಎಂಬ ಬೇಡಿಕೆ ಎದ್ದಾಗಲೆಲ್ಲ ಕೇಳಿಬರುವ ಮಾತೊಂದಿದೆ: ದೈವಗಳ ಕೋಲ, ಕೋಣಗಳ ಕಂಬಳ ಎಲ್ಲ ಚೆನ್ನಾಗಿಯೇ ನಡೆಯುತ್ತಿವೆ, ಸಂಸ್ಕೃತಿ ಉಳಿದಿದೆಯಲ್ಲ, ಭಾಷೆಗೆ ಸರ್ಕಾರದ ಮುದ್ರೆ ಯಾಕೆ? 2022ರಲ್ಲಿ ‘ಕಾಂತಾರ’ ಸಿನಿಮಾ ದೈವಾರಾಧನೆಯನ್ನು ದೇಶದ ಮುಂದಿಟ್ಟ ಮೇಲಂತೂ ಈ ಮಾತಿಗೆ ಬಲ ಬಂದಿದೆ. ಆದರೆ ಕೋಲದ ಜೀವ ಇರುವುದು ಬೆನ್ನಿನ ಅಣಿ, ಕಾಲಿನ ಗಗ್ಗರ, ಸೂಟೆಯ (ಪಂಜಿನ) ಬೆಂಕಿಯಲ್ಲಷ್ಟೇ ಅಲ್ಲ. ವಾದ್ಯ ನಿಂತ ಮೇಲೆ ಮನೆಯವರು ಅರಿಕೆ ಮಾಡಿಕೊಳ್ಳುತ್ತಾರೆ, ದೈವ ನುಡಿ ಕೊಡುತ್ತದೆ. ಜಾಗದ ತಕರಾರು, ಅಣ್ಣತಮ್ಮಂದಿರ ಮುನಿಸು, ಮರೆತ ಹರಕೆ ಎಲ್ಲವೂ ಅಲ್ಲಿ ತುಳುವಿನಲ್ಲೇ ಇತ್ಯರ್ಥವಾಗಬೇಕು. ಆ ನುಡಿ ಅರ್ಥವಾಗದ ಮಗುವಿಗೆ ಉಳಿಯುವುದು ನೋಟ ಮಾತ್ರ.

ಭಾಷೆಯೇ ಸಂಸ್ಕೃತಿಯನ್ನು ರೂಪಿಸುತ್ತದೆ ಎಂಬ ವಾದ ನನ್ನದಲ್ಲ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಹೆಣ್ಣಿನ ಕಡೆಯಿಂದ ವಂಶ ಸಾಗುವ ಅಳಿಯಕಟ್ಟಿಗೆ ಈ ಪದಗಳೇ ಕಾರಣವೆಂದರೆ ತಪ್ಪಾಗುತ್ತದೆ. ಆದರೆ ಒಂದು ಸಮಾಜ ತನ್ನ ನೆನಪನ್ನು ಇಟ್ಟುಕೊಳ್ಳುವುದು ತನ್ನ ಮಾತಿನಲ್ಲಿ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಮತ್ತು ಸಂಗಡಿಗರು 1990ರಲ್ಲಿ ಹಾಡುಗಾರ ಗೋಪಾಲ ನಾಯ್ಕರ ಬಾಯಿಂದ ದಾಖಲಿಸಿಕೊಂಡ ಸಿರಿ ಪಾಡ್ದನ (ಕಥನ ಹಾಡು) 15,683 ಸಾಲುಗಳಷ್ಟಿದೆ. ದಾರಿ ತಪ್ಪಿದ ಗಂಡನನ್ನು ಬಿಟ್ಟು ಹೊರಟು, ಮತ್ತೊಂದು ಮದುವೆಯಾಗುವ ಹೆಣ್ಣು ಸಿರಿ ಅದರ ನಾಯಕಿ. ಅವಳನ್ನು ತುಳುವರು ದೈವವಾಗಿ ಪೂಜಿಸುತ್ತಾರೆ. ಇಂಗ್ಲಿಷ್ ಅನುವಾದದಲ್ಲಿ ಈ ಕಥೆಯನ್ನು ಓದಬಹುದು. ಸಿರಿ ಜಾತ್ರೆಯಲ್ಲಿ ಸಿಂಗಾರದ ಹೂ ಹಿಡಿದು ನಿಂತ ಹೆಣ್ಣುಮಗಳು ಸಿರಿಯಾಗಿ ಮಾತಾಡುವುದು ಮಾತ್ರ ತುಳುವಿನಲ್ಲೇ. ನಾಟಿಗದ್ದೆಯಲ್ಲಿ ಹಾಡುತ್ತಿದ್ದ ಪಾಡ್ದನ ಮಾತ್ರ ಈಗ ನಿಂತಿದೆ. ಅದಕ್ಕೆ ಯಂತ್ರಗಳೂ ಅಡಿಕೆ ತೋಟಗಳೂ ಕಾರಣ, ಒಪ್ಪುತ್ತೇನೆ. ಗದ್ದೆ ಹೋದ ಮೇಲೆ ಶಾಲೆಯಾದರೂ ಆ ಭಾಷೆಗೆ ಜಾಗ ಕೊಡಬೇಕಲ್ಲವೇ?

ಆಡುವವರು ಕಡಿಮೆ ಎನ್ನುವ ಆಕ್ಷೇಪ ನಿಲ್ಲುವುದಿಲ್ಲ. 2011ರ ಜನಗಣತಿಯಲ್ಲಿ ತುಳುವರು 18.46 ಲಕ್ಷ, 2003ರ ತಿದ್ದುಪಡಿಯಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದ ಸೇರಿದ ಬೋಡೊ ಭಾಷಿಕರು 14.82 ಲಕ್ಷ. ಲಿಪಿ ಇಲ್ಲವೆನ್ನುವಂತಿಲ್ಲ, ತುಳು-ತಿಗಳಾರಿ 2024ರಲ್ಲಿ ಯೂನಿಕೋಡ್ ಸೇರಿದೆ. ಕನ್ನಡ ಲಿಪಿಯಲ್ಲಿ ತುಳು ಅಚ್ಚಾಗುತ್ತಿರುವುದಂತೂ ಹತ್ತೊಂಬತ್ತನೇ ಶತಮಾನದಿಂದಲೇ. ನಿಜವಾಗಿ ಉತ್ತರ ಬಯಸುವ ಆತಂಕ ಬೇರೆಯದು: ಇದರಿಂದ ಕನ್ನಡ ಸೊರಗುತ್ತದೆ, ನಾಡು ಒಡೆಯುತ್ತದೆ ಎಂಬುದು. ಕವಿ ಕಯ್ಯಾರ ಕಿಞ್ಞಣ್ಣ ರೈ ಕನ್ನಡ, ತುಳು ಎರಡರಲ್ಲೂ ಬರೆದರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಜೀವನವಿಡೀ ಹೋರಾಡಿದರು. ಅವರ ತುಳುಪ್ರೀತಿ ಕನ್ನಡದ ಯಾವ ಅಂಗುಲವನ್ನೂ ಕಸಿಯಲಿಲ್ಲ. ಹಿಂದಿ ಹೇರಿಕೆಯನ್ನು ವಿರೋಧಿಸುವಾಗ ನಾವು ಮುಂದಿಡುವ ನ್ಯಾಯ ನಮ್ಮ ಮನೆಯೊಳಗಿನ ತುಳುವಿಗೂ ಕೊಡವಕ್ಕೂ ಸಲ್ಲಬೇಕು.

ಇದಕ್ಕೆ ದೆಹಲಿಯ ಅಪ್ಪಣೆಗಾಗಿ ಕಾಯಬೇಕಿಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯನ್ನು ಅಧಿಕೃತಗೊಳಿಸುವ ಅಧಿಕಾರವನ್ನು ಸಂವಿಧಾನದ 345ನೇ ವಿಧಿ ವಿಧಾನಮಂಡಲಕ್ಕೇ ಕೊಟ್ಟಿದೆ. ಎಂಟನೇ ಪರಿಚ್ಛೇದದಲ್ಲಿಲ್ಲದ ಮುಂಡಾರಿ, ಹೋ ಭಾಷೆಗಳಿಗೆ ಜಾರ್ಖಂಡ್ ಎರಡನೇ ಅಧಿಕೃತ ಭಾಷೆಯ ಸ್ಥಾನ ಕೊಟ್ಟಿದೆ. ಕರ್ನಾಟಕವೂ ಕೊಡಲಿ.