ಗ್ರೀಕರ ಪ್ರಭಾವ ಮತ್ತು ಮಾನ್ಯಖೇಟದ ಮರೆವು

ಆಧುನಿಕ ಸಮಾಜಕ್ಕೆ ಪ್ರಾಚೀನ ಗ್ರೀಕರ ಕೊಡುಗೆ ಏನೆಂದು ಕೇಳಿದರೆ ನಮ್ಮ ಪದವಿ ತರಗತಿಗಳ ಉತ್ತರ ಸಿದ್ಧವಾಗಿಯೇ ಇರುತ್ತದೆ. ಪ್ರಜಾಪ್ರಭುತ್ವ ಅಥೆನ್ಸಿನಿಂದ, ರೇಖಾಗಣಿತ ಯೂಕ್ಲಿಡ್‌ನಿಂದ, ತರ್ಕವೂ ಕಾವ್ಯಮೀಮಾಂಸೆಯೂ ಅರಿಸ್ಟಾಟಲ್‌ನಿಂದ, ರುದ್ರನಾಟಕ ಸೊಫೊಕ್ಲಿಸ್‌ನಿಂದ. ಬಿಡಿಬಿಡಿಯಾಗಿ ನೋಡಿದರೆ ಇವುಗಳಲ್ಲಿ ಪೂರ್ಣ ಸುಳ್ಳು ಯಾವುದೂ ಇಲ್ಲ. ಆದರೆ ಇವುಗಳನ್ನು ಒಟ್ಟಿಗೆ ಪೋಣಿಸಿದಾಗ ಹೇಳದೆಯೇ ಹೇಳಿದ ಒಂದು ತೀರ್ಮಾನ ಹೊರಡುತ್ತದೆ: ವಿಚಾರವೆಂಬುದು ಜಗತ್ತಿನಲ್ಲಿ ಒಮ್ಮೆ, ಒಂದೆಡೆ ಹುಟ್ಟಿತು; ಉಳಿದವರೆಲ್ಲ ಅದನ್ನು ಕೈಯೊಡ್ಡಿ ಪಡೆದವರು. ಸೇಡಂ, ಚಿತ್ತಾಪುರ, ಚಿಂಚೋಳಿಗಳ ವಿದ್ಯಾರ್ಥಿ ಇದನ್ನೇ ಬರೆದು ತೇರ್ಗಡೆಯಾಗುತ್ತಾನೆ. ಅದೇ ಸೇಡಂ ತಾಲ್ಲೂಕಿನ ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಕಾವ್ಯವಿಚಾರವೂ ಗಣಿತವೂ ವ್ಯಾಕರಣವೂ ಒಂದೇ ಆಸ್ಥಾನದ ಆಶ್ರಯದಲ್ಲಿ ಬೆಳೆದವು ಎಂಬುದು ಅವನ ಉತ್ತರಪತ್ರಿಕೆಯಲ್ಲಿ ಎಲ್ಲಿಯೂ ಬರುವುದಿಲ್ಲ.

ಈ ಶರಣಾಗತಿಗೆ ಪ್ರತಿಯಾಗಿ ಇತ್ತೀಚೆಗೆ ಇನ್ನೊಂದು ಧ್ವನಿ ಏರುತ್ತಿದೆ. ಎಲ್ಲವೂ ನಮ್ಮದೇ, ಗ್ರೀಕರು ನಮ್ಮಿಂದಲೇ ಕದ್ದೊಯ್ದರು ಎಂಬ ಧ್ವನಿ ಅದು. ಮೊದಲನೆಯದು ಆಲಸ್ಯವಾದರೆ ಎರಡನೆಯದು ಆಲಸ್ಯಕ್ಕೆ ತೊಡಿಸಿದ ಪೇಟ. ಎರಡೂ ಗ್ರಂಥವನ್ನು ತೆರೆಯುವ ಶ್ರಮವನ್ನು ತಪ್ಪಿಸುತ್ತವೆ. ಆದ್ದರಿಂದ ಎರಡನ್ನೂ ವಿರೋಧಿಸಬೇಕಾಗಿದೆ.

ಮೊದಲು ಹೆಮ್ಮೆಯ ಮಾತನ್ನು ಪರಿಶೀಲಿಸೋಣ. ಗ್ರೀಕರಿಂದ ನಾವು ಏನನ್ನೂ ಪಡೆದಿಲ್ಲ ಎನ್ನುವವರು ‘ಕೇಂದ್ರ ಸರ್ಕಾರ’ ಎಂಬ ಮಾತನ್ನೂ ಆಡಬಾರದು. ‘ಕೇಂದ್ರ’ವು ಗ್ರೀಕಿನ ‘ಕೆಂತ್ರೋನ್’ ಶಬ್ದದಿಂದ ಜ್ಯೋತಿಶ್ಶಾಸ್ತ್ರದ ಮೂಲಕ ಸಂಸ್ಕೃತಕ್ಕೆ ಬಂದು, ಅಲ್ಲಿಂದ ಕನ್ನಡದ ಆರೋಗ್ಯ ಕೇಂದ್ರ, ಪರೀಕ್ಷಾ ಕೇಂದ್ರಗಳವರೆಗೂ ಇಳಿದ ಪದ. ‘ಹೋರಾ’ ಶಬ್ದದ ಕಥೆಯೂ ಅದೇ. ಶಾಸನಗಳಲ್ಲಿ ಕಾಣುವ ‘ದ್ರಮ್ಮ’ ಎಂಬ ನಾಣ್ಯದ ಹೆಸರಿನ ಹಿಂದೆ ಗ್ರೀಕರ ‘ದ್ರಾಖ್ಮ’ ಇದೆ. ಯವನರು ಮ್ಲೇಚ್ಛರಾದರೂ ಈ ಶಾಸ್ತ್ರವನ್ನು ಬಲ್ಲವರಾದ್ದರಿಂದ ಋಷಿಗಳಂತೆ ಪೂಜ್ಯರು ಎಂಬ ಅಭಿಪ್ರಾಯವನ್ನು ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಸಂಕೋಚವಿಲ್ಲದೆ ದಾಖಲಿಸಿದ್ದಾನೆ. ಪಡೆದುದನ್ನು ಒಪ್ಪಿಕೊಳ್ಳುವ ಧೈರ್ಯ ಆರನೆಯ ಶತಮಾನದ ವಿದ್ವಾಂಸನಿಗೆ ಇತ್ತು.

ಶರಣಾಗತಿಯ ಚರಿತ್ರೆ ಇದಕ್ಕಿಂತ ಸೂಕ್ಷ್ಮವಾದುದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಭಾರತೀಯ ಪಾತ್ರಗಳ ಬಾಯಲ್ಲಿ ಬರುವ ಅಪರಿಚಿತ ಮಾತುಗಳು ಕನ್ನಡವಿರಬಹುದೆಂದು 1904ರಲ್ಲಿ ಹುಲ್ಟ್ಸ್ ಸೂಚಿಸಿದರು. ಆರ್. ಶಾಮಶಾಸ್ತ್ರಿ, ಗೋವಿಂದ ಪೈ, ಬಿ.ಎ. ಸಾಲೆತೊರೆ ಆ ಜಾಡನ್ನು ಹಿಡಿದರು, ಎಲ್.ಡಿ. ಬಾರ್ನೆಟ್ ಒಪ್ಪಲಿಲ್ಲ. ಆ ಹಿರಿಯರ ಪಾಂಡಿತ್ಯದ ಬಗ್ಗೆ ಇಲ್ಲಿ ತಕರಾರಿಲ್ಲ. ತಕರಾರಿರುವುದು ಆ ಚರ್ಚೆಯನ್ನು ಕನ್ನಡದ ಪ್ರಾಚೀನತೆಗೆ ಸಿಕ್ಕ ಪ್ರಮಾಣಪತ್ರವೆಂಬಂತೆ ಇಂದಿಗೂ ಒಪ್ಪಿಸುವ ಪಾಠಕ್ರಮದ ಬಗ್ಗೆ. ಆ ಪ್ರಹಸನದಲ್ಲಿ ಭಾರತೀಯರ ಮಾತು ಇರುವುದು ಪ್ರೇಕ್ಷಕರನ್ನು ನಗಿಸುವುದಕ್ಕಾಗಿ. ಮದ್ಯ ಕುಡಿಸಿ ಮೋಸಗೊಳಿಸಲಾದ ಬರ್ಬರರ ಗೊಣಗಾಟವಾಗಿ. ಅನ್ಯರು ನಮ್ಮನ್ನು ನೋಡಿ ನಕ್ಕ ದೃಶ್ಯದಲ್ಲಿ ನಮ್ಮ ಹಿರಿಮೆಯನ್ನು ಹುಡುಕುವುದು, ಅವರ ರಂಗಭೂಮಿಯಲ್ಲಿ ಕಾಣಿಸಿಕೊಂಡರೆ ಸಾಕು, ಹೇಗಾದರೂ ಸರಿ ಎಂಬ ಮನಸ್ಸಿನ ಕುರುಹಲ್ಲವೆ?

ಗ್ರೀಕ್ ಲೋಕದೊಡನೆ ಈ ನೆಲಕ್ಕಿದ್ದ ಗೌರವಯುತ ಸಂಬಂಧದ ಸಾಕ್ಷ್ಯ ಚಿತ್ತಾಪುರ ತಾಲ್ಲೂಕಿನಲ್ಲಿಯೇ ಇದೆ. ಚಿಂಚೋಳಿಯ ಮುಲ್ಲಾಮಾರಿ ಕಾಗಿಣೆಯನ್ನು ಕೂಡುತ್ತದೆ, ಕಾಗಿಣೆ ಭೀಮೆಯನ್ನು. ಆ ಭೀಮೆಯ ದಂಡೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, 1980ರ ದಶಕದಲ್ಲಿ ಅಶೋಕನ ಶಾಸನದ ಬಂಡೆ ಬೆಳಕಿಗೆ ಬಂತು. ಅದು ಕಾಳಿಕಾ ವಿಗ್ರಹದ ಪೀಠಕ್ಕೆ ಬಳಕೆಯಾಗಿತ್ತು. ಅದರಲ್ಲಿರುವುದು 12 ಮತ್ತು 14ನೆಯ ಶಿಲಾಶಾಸನಗಳು ಹಾಗೂ ಎರಡು ಪ್ರತ್ಯೇಕ ಶಾಸನಗಳು. 12ನೆಯದು ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರಪಂಥವನ್ನು ಹಳಿಯಬಾರದು, ನಾಲಗೆಯನ್ನು ಹಿಡಿತದಲ್ಲಿಡಬೇಕು, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು ಎಂದು ವಿಧಿಸುವ ಶಾಸನ. ಇದೇ ಶಾಸನದ ಕೊನೆಯ ಭಾಗ, 13ನೆಯದರ ಆರಂಭದೊಂದಿಗೆ, ಗ್ರೀಕ್ ಭಾಷೆಯಲ್ಲಿ 1963ರಲ್ಲಿ ಕಂದಹಾರದಲ್ಲಿ ದೊರೆಯಿತು. ‘ಧಮ್ಮ’ಕ್ಕೆ ‘ಯೂಸೆಬಿಯ’ ಎಂದೂ, ‘ಪಾಸಂಡ’ಕ್ಕೆ ತತ್ತ್ವಶಾಸ್ತ್ರದ ಶಾಲೆ ಎಂಬ ಅರ್ಥದ ‘ದಿಯತ್ರಿಬೆ’ ಎಂದೂ ಆ ಅನುವಾದಕ ಪದಗಳನ್ನು ಆರಿಸಿದ್ದಾನೆ. ಅಂದರೆ ಕ್ರಿ.ಪೂ. 3ನೆಯ ಶತಮಾನದಲ್ಲಿ ಕಂದಹಾರದ ಗ್ರೀಕನೂ ಭೀಮಾತೀರದ ನಿವಾಸಿಯೂ ಒಂದೇ ಮಾತನ್ನು ಓದುತ್ತಿದ್ದರು. ಮಾತು ಇತ್ತಣಿಂದ ಅತ್ತ ಹೋಗಿತ್ತು. ಪರಮತ ಸಹಿಷ್ಣುತೆಯನ್ನು ಪಶ್ಚಿಮದಿಂದ ಕಲಿತೆವು ಎಂದು ಬರೆಯುವ ವಿದ್ಯಾರ್ಥಿ ವಾಡಿ ಜಂಕ್ಷನ್ನಿನಲ್ಲಿ ಇಳಿದು ಒಂದು ಹಗಲು ಸನ್ನತಿ, ಕನಗನಹಳ್ಳಿಗಳನ್ನು ನೋಡಿಬರಬಾರದೆ? ಅಶೋಕನ ಹೆಸರನ್ನೇ ಹೊತ್ತ ಶಿಲ್ಪ ಕನಗನಹಳ್ಳಿಯಲ್ಲಿದೆ.

ಆ ಶಾಸನದ ಧ್ವನಿ ಬಂಡೆಯೊಳಗೇ ಉಡುಗಿಹೋಗಲಿಲ್ಲ. ಸುಮಾರು 1100 ವರ್ಷಗಳ ಅನಂತರ, ಮಾನ್ಯಖೇಟದಲ್ಲಿ ನೃಪತುಂಗನ ಆಸ್ಥಾನದಿಂದ ಹೊಮ್ಮಿದ ಶ್ರೀವಿಜಯನ ಕವಿರಾಜಮಾರ್ಗವು ಪರವಿಚಾರವನ್ನೂ ಪರಧರ್ಮವನ್ನೂ ಸೈರಿಸಬಲ್ಲ ಶಕ್ತಿಯನ್ನೇ ನಿಜವಾದ ಸಂಪತ್ತೆಂದು ಎಣಿಸಿತು. ಅಥೆನ್ಸು ಕ್ರಿ.ಪೂ. 399ರಲ್ಲಿ ಸಾಕ್ರೆಟಿಸನಿಗೆ ವಿಷ ಕುಡಿಸಿದುದು ನಗರದ ದೇವತೆಗಳನ್ನು ಒಪ್ಪಲಿಲ್ಲ, ತರುಣರನ್ನು ಕೆಡಿಸಿದ ಎಂಬ ಆರೋಪದ ಮೇಲೆ. ತೀರ್ಪು ಕೊಟ್ಟದ್ದು ಪ್ರಜಾಪ್ರಭುತ್ವದ ನ್ಯಾಯಸಭೆಯೇ. ಆ ಪ್ರಜಾಪ್ರಭುತ್ವದಲ್ಲಿ ಸ್ತ್ರೀಯರಿಗೂ ದಾಸರಿಗೂ ಪರಸ್ಥಳದಿಂದ ಬಂದು ನೆಲೆಸಿದವರಿಗೂ ಮತವಿರಲಿಲ್ಲ. ಅಥೆನ್ಸನ್ನು ತುಚ್ಛೀಕರಿಸಲು ಇದನ್ನು ಹೇಳುತ್ತಿಲ್ಲ. ರಾಷ್ಟ್ರಕೂಟರ ಅರಸೊತ್ತಿಗೆಯೂ ಸಮಾನತೆಯ ನೆಲೆಯಾಗಿರಲಿಲ್ಲ. ಒಂದರ ಆದರ್ಶವನ್ನೂ ಇನ್ನೊಂದರ ವಾಸ್ತವವನ್ನೂ ತೂಗುವ ಕಳ್ಳ ತಕ್ಕಡಿಯನ್ನು ಬಿಡಬೇಕೆಂದಷ್ಟೇ ವಾದ.

ಹಾಗಾದರೆ ಗ್ರೀಕರ ಪ್ರಭಾವ ಏಕೆ ಉಳಿಯಿತು, ಮಾನ್ಯಖೇಟದ್ದು ಏಕೆ ಉಳಿಯಲಿಲ್ಲ? ಶ್ರೇಷ್ಠವಾದುದು ತಾನಾಗಿ ಬದುಕುತ್ತದೆ ಎಂಬ ಉತ್ತರ ಸುಲಭ ಮತ್ತು ಅಸತ್ಯ. ಅರಿಸ್ಟಾಟಲ್‌ನ ಕಾವ್ಯಮೀಮಾಂಸೆಯನ್ನೇ ನೋಡಬಹುದು. ಪಶ್ಚಿಮ ಯುರೋಪು ಶತಮಾನಗಳ ಕಾಲ ಅದನ್ನು ಅರಿತಿರಲೇ ಇಲ್ಲ. ಅದು ಸಿರಿಯಾಕ್ ಭಾಷೆಗೆ, ಅಲ್ಲಿಂದ 10ನೆಯ ಶತಮಾನದಲ್ಲಿ ಅರಬ್ಬಿಗೆ ಹೋಯಿತು. 12ನೆಯ ಶತಮಾನದಲ್ಲಿ ಇಬ್ನ್ ರುಶ್ದ್ ವ್ಯಾಖ್ಯಾನ ಬರೆದ. ಆ ವ್ಯಾಖ್ಯಾನ 1256ರಲ್ಲಿ ಲ್ಯಾಟಿನ್ನಿಗೆ ಬಂತು. ಗ್ರೀಕ್ ಮೂಲ ವೆನಿಸ್ಸಿನಲ್ಲಿ ಅಚ್ಚಾದದ್ದು 1508ರಲ್ಲಿ. ನಾಟಕವನ್ನೇ ಕಾಣದ ಇಬ್ನ್ ರುಶ್ದ್ ಟ್ರ್ಯಾಜಿಡಿಯನ್ನು ಸ್ತುತಿಕಾವ್ಯವೆಂದೂ ಕಾಮಿಡಿಯನ್ನು ನಿಂದಾಕಾವ್ಯವೆಂದೂ ತಿಳಿದಿದ್ದ. ಹೀಗೆ ತಪ್ಪು ಓದುಗಳನ್ನು ದಾಟಿ, ಅನ್ಯಭಾಷಿಕರ, ಅನ್ಯಧರ್ಮೀಯರ ಕೈಗಳಿಂದ ಆ ಗ್ರಂಥ ಉಳಿಯಿತು. ಪ್ರಭಾವವೆಂಬುದು ಲಿಪಿಕಾರರ, ಅನುವಾದಕರ, ಅಧ್ಯಾಪಕರ ದುಡಿಮೆ. ಕವಿರಾಜಮಾರ್ಗಕ್ಕೆ ಕೆ.ಬಿ. ಪಾಠಕರ ಸಂಪಾದನೆಯಿಂದ ಅಚ್ಚಿನ ಭಾಗ್ಯ ಬಂದುದು 1898ರಲ್ಲಿ. ಅದು ದಂಡಿಯ ಕಾವ್ಯಾದರ್ಶದ ಅನುಕರಣೆಯೆಂದು ಒಂದು ಸಾಲಿನಲ್ಲಿ ಮುಗಿಸುವ ಅಧ್ಯಾಪಕರು ಇಬ್ನ್ ರುಶ್ದ್‌ನನ್ನು ಅನುಕರಣಕಾರನೆಂದು ಕರೆಯುವರೆ? ನಾಡಿನ ಎಲ್ಲೆಯನ್ನು ಗುರುತಿಸಿ, ಓದದೆಯೂ ಕಾವ್ಯಪ್ರಯೋಗ ಬಲ್ಲ ಜನರನ್ನು ಕಂಡು, ಚತ್ತಾಣ ಬೆದಂಡೆಗಳೆಂಬ ದೇಸಿ ಪ್ರಕಾರಗಳನ್ನು ಹೆಸರಿಸಿದ್ದು ದಂಡಿಯಲ್ಲಿ ಎಲ್ಲಿದೆ?

ಇನ್ನೂ ಮುಖ್ಯವಾದ ಕಾರಣವೊಂದಿದೆ. ಗ್ರೀಕರು ಉಳಿದುದು ಅವರನ್ನು ಪೂಜಿಸಿದ್ದರಿಂದಲ್ಲ, ಅವರೊಡನೆ ಜಗಳವಾಡಿದ್ದರಿಂದ. ಪ್ಲೇಟೋನನ್ನು ಖಂಡಿಸಿದವನು ಅವನ ಶಿಷ್ಯ ಅರಿಸ್ಟಾಟಲ್; ಅರಿಸ್ಟಾಟಲ್‌ನನ್ನು ಖಂಡಿಸಿ ಗೆಲಿಲಿಯೋ ಬೆಳೆದ. ಯೂಕ್ಲಿಡ್‌ನ ಐದನೆಯ ಸ್ವೀಕೃತವನ್ನು ಪ್ರೋಕ್ಲಸ್, ಉಮರ್ ಖಯ್ಯಾಮ್, ನಸೀರುದ್ದೀನ್ ತೂಸಿ ಪ್ರಶ್ನಿಸುತ್ತಲೇ ಬಂದರು. 19ನೆಯ ಶತಮಾನದಲ್ಲಿ ಲೊಬಚೆವ್ಸ್ಕಿ, ಬೊಲ್ಯೊಯ್ ಅದನ್ನು ಕೈಬಿಟ್ಟು ಹೊಸ ರೇಖಾಗಣಿತವನ್ನೇ ಕಟ್ಟಿದರು. ನೃಪತುಂಗನ ಕಾಲದ ಮಹಾವೀರಾಚಾರ್ಯನಿಗೆ ನಾವು ಇಂಥ ಗೌರವವನ್ನು ಕೊಟ್ಟಿದ್ದೇವೆಯೆ? ಅವನ ಗಣಿತಸಾರಸಂಗ್ರಹ ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ವಸ್ತುಗಳನ್ನು ಆಯ್ದು ಕೂಡಿಸುವ ವಿಕಲ್ಪಗಳ ಲೆಕ್ಕಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟಿತು. ಅದೇ ಗ್ರಂಥ ಶೂನ್ಯದಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದು ತಪ್ಪಾಗಿಯೂ ಹೇಳಿತು. ಪಾವುಲೂರಿ ಮಲ್ಲನ ಅದನ್ನು 11ನೆಯ ಶತಮಾನದಲ್ಲೇ ತೆಲುಗಿಗೆ ತಂದ, ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಈಗ ಕನ್ನಡ ಅನುವಾದವೂ ಇದೆ. ಆದರೂ ಸಭೆಗಳಲ್ಲಿ ಅವನ ಹೆಸರಿಗೆ ಹಾರ ಬೀಳುತ್ತದೆ. ತರಗತಿಯಲ್ಲಿ ಅವನ ಒಂದು ಲೆಕ್ಕವನ್ನೂ ಬಿಡಿಸುವುದಿಲ್ಲ, ಅವನ ಒಂದು ತಪ್ಪನ್ನೂ ತಿದ್ದುವುದಿಲ್ಲ. ತಿದ್ದದವನ ಮೇಲೆ ಯಾವ ಪ್ರಭಾವವೂ ಆಗುವುದಿಲ್ಲ.

ತರ್ಕದ ವಿಷಯದಲ್ಲಿಯೂ ಹೀಗೆಯೇ. ಸ್ಯಾದ್ವಾದವು ಅರಿಸ್ಟಾಟಲ್‌ನ ವಿರೋಧನಿಯಮವನ್ನು ಮುರಿಯುವುದರಿಂದ ಅದು ತರ್ಕವೇ ಅಲ್ಲ ಎಂಬ ಆಕ್ಷೇಪ ಹಳೆಯದು. ಅದಕ್ಕೆ ಪ್ರತಿಯಾಗಿ, ಅರಿಸ್ಟಾಟಲ್‌ನನ್ನು ಮೀರಿದ್ದೇ ಜೈನರ ಹೆಗ್ಗಳಿಕೆ ಎಂಬ ಉತ್ತರವೂ ಹುಟ್ಟಿದೆ. ಆಕ್ಷೇಪ, ಉತ್ತರ ಎರಡೂ ಮೂಲವನ್ನು ಓದದವರವು. ಒಂದೇ ಗುಣ ಒಂದೇ ವಸ್ತುವಿನಲ್ಲಿ ಏಕಕಾಲಕ್ಕೆ, ಒಂದೇ ದೃಷ್ಟಿಯಿಂದ ಇದೆ ಮತ್ತು ಇಲ್ಲ ಎನ್ನಲಾಗದು ಎಂಬುದು ಅರಿಸ್ಟಾಟಲ್‌ನ ಮಾತು. ‘ಒಂದೇ ದೃಷ್ಟಿಯಿಂದ’ ಎಂಬ ಆ ಷರತ್ತನ್ನೇ ‘ಸ್ಯಾತ್’ ಶಬ್ದವು ಪ್ರತಿ ವಾಕ್ಯದ ಮುಂದೆಯೂ ಎತ್ತಿ ಹೇಳುತ್ತದೆ. ದ್ರವ್ಯದೃಷ್ಟಿಯಿಂದ ನಿತ್ಯ, ಪರ್ಯಾಯದೃಷ್ಟಿಯಿಂದ ಅನಿತ್ಯ ಎನ್ನುವಲ್ಲಿ ವಿರೋಧ ಎಲ್ಲಿದೆ? ಇಬ್ಬರನ್ನೂ ಪಕ್ಕದಲ್ಲಿಟ್ಟು ಓದಿದರೆ ಮಾತ್ರ ಇಬ್ಬರೂ ತಿಳಿಯುತ್ತಾರೆ.

ಸಾಹಿತ್ಯದಲ್ಲಿ ಸರಿಯಾಗಿ ಪಡೆಯುವುದು ಹೇಗೆಂದು ಬಿ.ಎಂ.ಶ್ರೀ. ತೋರಿಸಿದರು. ಸೊಫೊಕ್ಲಿಸ್‌ನ ‘ಏಜಾಕ್ಸ್’ 1929ರಲ್ಲಿ ‘ಅಶ್ವತ್ಥಾಮನ್’ ಆಯಿತು. ಈಸ್ಕಿಲಸ್‌ನ ನಾಟಕ 1935ರಲ್ಲಿ ‘ಪಾರಸಿಕರು’ ಎಂದು ಕನ್ನಡಕ್ಕೆ ಬಂತು. ಅವರ ಅನಂತರದವರು ಆ ದಾರಿಯನ್ನು ಒಮ್ಮುಖ ಮಾಡಿದರು. ಪಂಪನ ಆದಿಪುರಾಣದ ಭರತ-ಬಾಹುಬಲಿ ಪ್ರಸಂಗವನ್ನು ರುದ್ರನಾಟಕದ ಅಳತೆಗೋಲಿನಿಂದ ಅಳೆದು, ದುರಂತವಿಲ್ಲದ್ದರಿಂದ ತೀವ್ರತೆ ಸಾಲದೆನ್ನುವುದು ವಿಮರ್ಶೆಯಲ್ಲ. ಜಿನಸೇನಾಚಾರ್ಯರ ಪೂರ್ವಪುರಾಣದಿಂದ ಪಂಪ ಪಡೆದ ಆ ಕಥೆ ಗ್ರೀಕರಿಗೆ ಕೇಳಬಹುದಾದ ಪ್ರಶ್ನೆಯೊಂದಿದೆ. ಅಪಮಾನಿತನಾದ ಏಜಾಕ್ಸ್ ಕತ್ತಿಯ ಮೇಲೆ ಬಿದ್ದು ಮಾನ ಉಳಿಸಿಕೊಳ್ಳುತ್ತಾನೆ. ಗೆದ್ದ ಬಾಹುಬಲಿ ಗೆಲುವಿನ ಗಳಿಗೆಯಲ್ಲೇ ಮಾನವೆಂಬ ಕಷಾಯವನ್ನು ಕಳಚಲು ಹೊರಡುತ್ತಾನೆ. ವೀರನಿಗೆ ಮಾನ ಬಿಟ್ಟರೆ ಬೇರೆ ದಾರಿಯೇ ಇಲ್ಲವೆ ಎಂದು ಸೊಫೊಕ್ಲಿಸ್‌ನನ್ನು ಬಾಹುಬಲಿಯ ಮುಂದೆ ನಿಲ್ಲಿಸಿ ಕೇಳುವ ಪ್ರಶ್ನೆಪತ್ರಿಕೆ ಎಂದು ಬರುತ್ತದೆ?

ಪಠ್ಯಕ್ರಮದಲ್ಲಿ ಸ್ಥಳವಿಲ್ಲ, ಇದರಿಂದ ನೌಕರಿ ಸಿಗುವುದಿಲ್ಲ, ಇದು ಪ್ರಾದೇಶಿಕ ಅಭಿಮಾನ ಎಂಬ ಸಮಾಧಾನಗಳು ಸಿದ್ಧವಾಗಿವೆ. ಅರಿಸ್ಟಾಟಲ್‌ನಿಂದ ಯಾರಿಗೆ ನೌಕರಿ ಸಿಕ್ಕಿದೆ? ಅಭಿಮಾನದ ಮಾತಿಗೆ ಚಿತ್ತಾಪುರದ ಮಗ್ಗುಲಿನ ನಾಗಾವಿ ಉತ್ತರಿಸಲಿ. 1058ರ ಶಾಸನದಂತೆ ಅಲ್ಲಿಯ ಘಟಿಕಾಸ್ಥಾನದಲ್ಲಿ 200 ವೇದವಿದ್ಯಾರ್ಥಿಗಳಿಗೂ 50 ಶಾಸ್ತ್ರವಿದ್ಯಾರ್ಥಿಗಳಿಗೂ ವ್ಯವಸ್ಥೆಯಿತ್ತು. ಪುಸ್ತಕಗಳ ಪಾಲನೆಗೆಂದೇ ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಅದು ವೈದಿಕರ ವಿದ್ಯಾಸ್ಥಾನ, ಮಾನ್ಯಖೇಟದ್ದು ಹೆಚ್ಚಾಗಿ ಜೈನರ ಪರಂಪರೆ, ಸನ್ನತಿ ಬೌದ್ಧರದು. ಮೂರಕ್ಕೂ ಇಂದು ಒಂದೇ ಗತಿ. ಪ್ಲೇಟೋನ ಅಕಾಡೆಮಿಯ ಹೆಸರನ್ನು ಜಗತ್ತಿನ ಪ್ರತಿ ವಿದ್ವತ್ಸಂಸ್ಥೆಯೂ ಹೊತ್ತಿದೆ. ನಾಗಾವಿಯ ಹೆಸರು ಹತ್ತಿರದ ಕಾಲೇಜಿನ ಪಾಠದಲ್ಲೂ ಇಲ್ಲ. ಶಹಾಬಾದಿನ ಹಾಸುಗಲ್ಲು ನಾಡಿನ ಮನೆಮನೆಯ ನೆಲಕ್ಕೆ ಹಾಸಿಕೊಂಡಿದೆ, ವಾಡಿಯ ಸಿಮೆಂಟು ಊರೂರಿನ ಗೋಡೆಗಳಲ್ಲಿದೆ. ಈ ನೆಲದ ವಿಚಾರ ಮಾತ್ರ ಗಡಿ ದಾಟಿಲ್ಲ.

ಬೇಕಾಗಿರುವುದು ಗ್ರೀಕರನ್ನು ಓಡಿಸುವುದಲ್ಲ, ಅವರನ್ನು ಸರಿಯಾಗಿ ಓದುವುದು. ಕಾವ್ಯಮೀಮಾಂಸೆಯ ಪತ್ರಿಕೆಯಲ್ಲಿ ಅರಿಸ್ಟಾಟಲ್ ಮತ್ತು ಶ್ರೀವಿಜಯರು ಒಂದೇ ಘಟಕದಲ್ಲಿ ಎದುರುಬದುರು ಕೂರಲಿ. ಸನ್ನತಿಯ ಶಾಸನವನ್ನು ಕಂದಹಾರದ ಗ್ರೀಕ್ ಪಾಠದೊಡನೆ ಹೋಲಿಸುವ ಒಬ್ಬ ಕನ್ನಡ ಸಂಶೋಧಕನಾದರೂ ಗ್ರೀಕನ್ನು ಇಂಗ್ಲಿಷಿನ ಹಂಗಿಲ್ಲದೆ ಕಲಿಯಲಿ. ಈ ಐದು ಊರುಗಳ ಕನ್ನಡ ವಿಭಾಗಗಳು ವರ್ಷಕ್ಕೊಮ್ಮೆ ಮಳಖೇಡ, ನಾಗಾವಿ, ಸನ್ನತಿಗಳಲ್ಲಿ ತರಗತಿ ನಡೆಸಲಿ. ಇದಕ್ಕೆ ಅನುದಾನದ ಕಾಯುವಿಕೆ ಬೇಡ, ಬಸ್ಸಿನ ಚೀಟಿ ಸಾಕು. ಅಷ್ಟನ್ನೂ ಮಾಡದೆ ಗ್ರೀಕರ ಪ್ರಭಾವದ ಬಗ್ಗೆ ಹತ್ತು ಅಂಕದ ಪ್ರಬಂಧ ಬರೆಸುತ್ತಲೇ ಹೋದರೆ, ಮಾನ್ಯಖೇಟವನ್ನು ಮರೆಸಿದವರು ಯಾರೆಂಬ ಪ್ರಶ್ನೆಗೆ ಅಥೆನ್ಸಿನ ಕಡೆ ಬೆರಳು ತೋರಿಸುವಂತಿಲ್ಲ.